ಡಾಕ್ಟರ ಮೇಜು ಏರಿದ ಗಡಿಗೆ

ನಾನು ಹುಟ್ಟಿದ್ದು ಅಣ್ಣಿಗೇರಿಯ ಕುಂಬಾರ ಓಣಿಯಲ್ಲಿ. ನಾನೊಂದು ಸಣ್ಣ ಗಡಿಗೆ. ಬಣ್ಣ ಕಪ್ಪು, ಗಾತ್ರ ತೆಂಗಿನಕಾಯಿಗಿಂತ ತುಸು ದೊಡ್ಡದು, ಬಾಯಿ ಸ್ವಲ್ಪ ಸೊಟ್ಟ. ತಿಗರಿಯ ಮೇಲೆ ನನ್ನ ಬಾಯಿ ತಿದ್ದುವ ಹೊತ್ತಿಗೆ ಕುಂಬಾರನಿಗೆ ಸೀನು ಬಂತು, ಕೈ ಅಲುಗಿತು. ತಪ್ಪು ಅವನದು, ಸೊಟ್ಟಬಾಯಿ ಎಂಬ ಹೆಸರು ಮಾತ್ರ ನನಗೆ. ಆವಿಗೆಯಲ್ಲಿ ನನ್ನ ಜೊತೆ ಬೆಂದವರಲ್ಲಿ ಹತ್ತಾರು ಗಡಿಗೆಗಳು ಸಿಡಿದು ಹೋಳಾದವು. ನಾನು ಸಿಡಿಯಲಿಲ್ಲ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ನಾನು ಗಟ್ಟಿ ಜೀವ.

ಸಂತೆಯಲ್ಲಿ ನನ್ನನ್ನು ಕೊಂಡವಳು ಕಾಳವ್ವ, ಬಡಿಗೇರ ಮೌನೇಶಪ್ಪನ ಹೆಂಡತಿ. ಬೆರಳಿನಿಂದ ನನ್ನನ್ನು ಬಾರಿಸಿ ನೋಡಿ, ದನಿ ಚಲೋ ಇದೆ ಎಂದು ಉಡಿಯಲ್ಲಿ ಇಟ್ಟುಕೊಂಡು ನಡೆದಳು. ಆ ಮನೆಯಲ್ಲಿ ಎರಡು ವರ್ಷ ಮೊಸರು ಹೆಪ್ಪು ಹಾಕುವುದೇ ನನ್ನ ಕೆಲಸ. ಮೌನೇಶಪ್ಪ ಹೊರಗೆ ಕಟ್ಟಿಗೆ ಕೊರೆಯುತ್ತಿದ್ದ, ಹೊಟ್ಟು ಹಾರಿ ಬಂದು ನನ್ನ ಮುಚ್ಚಳದ ಮೇಲೆ ಕೂರುತ್ತಿತ್ತು. ಕಾಳವ್ವ ದಿನಾ ಬೈಯುತ್ತಾ ಒರೆಸುತ್ತಿದ್ದಳು. ನೆಮ್ಮದಿಯ ಕಾಲ ಅದು.

ಅವರ ಒಬ್ಬಳೇ ಮಗಳು ವಿಶಾಲಾಕ್ಷಿ. ಹನ್ನೊಂದನೆಯ ವಯಸ್ಸಿಗೆ ಹುಡುಗಿ ಇದ್ದಕ್ಕಿದ್ದಂತೆ ಬಡವಾದಳು. ಕೊಡಗಟ್ಟಲೆ ನೀರು ಕುಡಿಯುವಳು, ಮತ್ತೆ ಬಾಯಾರಿಕೆ ಎನ್ನುವಳು. ಒಂದು ದಿನ ಶಾಲೆಯಲ್ಲಿ ಬಿದ್ದವಳನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದರು. ವಾರದ ಮೇಲೆ ತಿರುಗಿ ಬಂದಾಗ ಕಾಳವ್ವನ ಕೈಯಲ್ಲಿ ಒಂದು ಪುಟ್ಟ ಸೀಸೆ ಇತ್ತು. ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು, ಜೀವ ಇರುವ ತನಕ ಚುಚ್ಚಬೇಕು. ಸೀಸೆ ಬಿಸಿಯಾದರೆ ಔಷಧ ಸತ್ತು ಹೋಗುತ್ತದೆ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಆಸ್ಪತ್ರೆಯ ನರ್ಸಮ್ಮ ಒಬ್ಬಳು ಉಪಾಯ ಹೇಳಿಕೊಟ್ಟಿದ್ದಳು: ಮಣ್ಣಿನ ಗಡಿಗೆಗೆ ಹಸಿ ಮರಳು ತುಂಬಿ, ನಡುವೆ ಮುಚ್ಚಳದ ಸ್ಟೀಲ್ ಡಬ್ಬಿ ಹುಗಿದು, ಅದರೊಳಗೆ ಸೀಸೆ ಇಡುವುದು, ದಿನಾ ಮರಳಿಗೆ ನೀರು ಚಿಮುಕಿಸುವುದು.

ಹೀಗೆ ನನಗೆ ಮೊಸರು ತಪ್ಪಿತು, ಮಗುವಿನ ಜೀವ ಬಂತು. ಹೊರಗೆ ಬಿಸಿಲು ಸುಟ್ಟಷ್ಟೂ ನಾನು ಬೆವರುತ್ತಿದ್ದೆ. ನಾನು ಬೆವರಿದಷ್ಟೂ ಒಳಗೆ ತಂಪು. ಕುಂಬಾರ ನನ್ನನ್ನು ಮಾಡಿದ್ದು ಇದಕ್ಕೇ ಎಂದು ನಾನು ತೀರ್ಮಾನಿಸಿದೆ. ಆದರೆ ಕಾಳವ್ವ ನನ್ನನ್ನು ಅಡುಗೆಮನೆಯ ಮೂಲೆಯಲ್ಲಿ, ಜೋಳದ ಡಬ್ಬಿಗಳ ಹಿಂದೆ ಅಡಗಿಸಿಟ್ಟಳು. ನಾಳೆ ಮದುವೆಯಾಗಬೇಕಾದ ಹೆಣ್ಣು, ನಾಲ್ಕು ಮಂದಿಗೆ ತಿಳಿದರೆ ಏನಂದಾರು ಎಂಬ ಹೆದರಿಕೆ ಅವಳಿಗೆ. ಯಾರಾದರೂ ಬಂದರೆ ನನ್ನ ಮೇಲೆ ಒಂದು ಹಳೆಯ ಸೀರೆಯ ತುಂಡು ಬೀಳುತ್ತಿತ್ತು. ನನಗೆ ಅದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

ವಿಶಾಲಾಕ್ಷಿಗೂ ಹಿಡಿಸಲಿಲ್ಲ. ಹದಿನಾಲ್ಕು ತುಂಬುವ ಹೊತ್ತಿಗೆ ಅವಳೇ ತನಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದಳು, ಬೆರಳಿನಿಂದ ಹನಿ ರಕ್ತ ತೆಗೆದು ಶುಗರ್ ನೋಡಿ, ಕಾಯಿಲೆ ಬಂದ ದಿನದಿಂದ ಮಾಡುತ್ತಿದ್ದ ಹಾಗೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಯುಗಾದಿಯ ಹೋಳಿಗೆಗೆ ಎಷ್ಟು ಔಷಧ, ಬರಿಯ ರೊಟ್ಟಿಗೆ ಎಷ್ಟು ಎಂಬುದು ಅವಳಿಗೆ ಬಾಯಿಪಾಠ. ಒಂದು ದಿನ ಸೀರೆಯ ತುಂಡನ್ನು ತೆಗೆದು ನೆಲ ಒರೆಸಲು ಹಾಕಿ, ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ ತಂದಿಟ್ಟಳು. ಗಾಳಿ ಬೀಸಿದರೆ ಗಡಿಗೆ ಇನ್ನೂ ತಂಪಾಗುತ್ತದೆ ಎಂದು ತಾಯಿಗೆ ಹೇಳಿದಳು. ಅದು ನಿಜವೂ ಹೌದು.

ಓದಿದ ಮೇಲೆ ಅವಳು ಹಿಡಿದ ಕೆಲಸ ಹಲ್ಲು ಮಾಡುವುದು. ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಕೂತು, ಡಾಕ್ಟರು ಕಳಿಸಿದ ಅಚ್ಚಿಗೆ ಸರಿಯಾಗಿ ಪಿಂಗಾಣಿಯ ಹಲ್ಲು ತಿದ್ದಿ, ಪುಟ್ಟ ಒಲೆಯಲ್ಲಿ ಸುಡುತ್ತಿದ್ದಳು. ಅಪ್ಪ ಮನೆಗಳಿಗೆ ಬಾಗಿಲು ಕೂರಿಸಿದರೆ ಮಗಳು ಬಾಯಿಗೆ ಕೂರಿಸುತ್ತಾಳೆ ಎಂದು ಓಣಿಯವರು ನಗುತ್ತಿದ್ದರು. ನಾನಂತೂ ಅವಳನ್ನು ನಮ್ಮ ಕುಂಬಾರರ ಪೈಕಿಗೇ ಸೇರಿಸಿಕೊಂಡೆ. ಸಂಪಾದನೆ ಬಂದ ಮೇಲೆ ಅವಳು ಮನೆಗೆ ಫ್ರಿಜ್ ತಂದಳು. ಅಣ್ಣಿಗೇರಿಯ ಕರೆಂಟನ್ನು ನಂಬುವವರು ಯಾರು? ಬೇಸಿಗೆ ಬಂತೆಂದರೆ ಸೀಸೆ ಮತ್ತೆ ನನ್ನ ಹೊಟ್ಟೆಗೇ ಬರುತ್ತಿತ್ತು.

ಅವಳಿಗೆ ಇಪ್ಪತ್ತೇಳಾದಾಗ ನ್ಯೂಜಿಲೆಂಡಿನ ಒಂದು ಲ್ಯಾಬು ಅವಳ ಕೆಲಸ ನೋಡಿ ಮೆಚ್ಚಿ ಕರೆಯಿತು. ಅಲ್ಲೇ ನೆಲೆಸಬಹುದು, ಹೊಸ ಬಗೆಯ ಕೆಲಸ ಕಲಿಯಬಹುದು. ಆದರೆ ವೀಸಾ ಸಿಗಬೇಕಾದರೆ ಬೆಂಗಳೂರಿನಲ್ಲಿ ಅವರು ಗೊತ್ತುಮಾಡಿದ ಡಾಕ್ಟರ ಮುಂದೆ ಮೈ ತಪಾಸಣೆಯಾಗಬೇಕು. ಸಕ್ಕರೆ ಕಾಯಿಲೆಯವಳನ್ನು ಆ ದೇಶ ಒಳಗೆ ಬಿಟ್ಟುಕೊಳ್ಳುತ್ತದೆಯೇ? ಮನೆಯಲ್ಲಿ ಎಲ್ಲರನ್ನೂ ಕಾಡಿದ್ದು ಅದೊಂದೇ ಪ್ರಶ್ನೆ.

ಆಗ ಮುಂದೆ ಬಂದವನು ಕಾಳವ್ವನ ತಮ್ಮ ಗಂಗಾಧರ. ಒಂಬತ್ತು ವರ್ಷ ಗಲ್ಫ್ ದೇಶದಲ್ಲಿ ಬಡಿಗತನ ಮಾಡಿ ಬಂದವನು. ಮನೆಯಲ್ಲಿ ಯಾವ ಅರ್ಜಿ ಬಂದರೂ ತುಂಬುವವನು ಅವನೇ, ಯಾವ ಕಚೇರಿಯಿದ್ದರೂ ಮುಂದೆ ನಡೆಯುವವನು ಅವನೇ. ಊರಿನಿಂದ ಗಲ್ಫಿಗೆ ಹೊರಟವರೆಲ್ಲ ಮೆಡಿಕಲ್ ಪಾಸಾಗುವ ಯುಕ್ತಿ ಕೇಳಲು ಅವನ ಬಾಗಿಲಿಗೆ ಬರುತ್ತಿದ್ದರು. ಅವನ ಪಾಠ ಸಣ್ಣದು. ಎಂಟು ದಿನ ಹಾಗಲಕಾಯಿ ರಸ ಕುಡಿಯಬೇಕು, ಸಿಹಿ ಮುಟ್ಟಬಾರದು, ಕೇಳಿದ್ದಕ್ಕೆಲ್ಲ ಇಲ್ಲ ಎನ್ನಬೇಕು. ವಿಶಾಲಾಕ್ಷಿ ರಸ ಕುಡಿಯಲು ಒಪ್ಪಲಿಲ್ಲ. ನಾನು ಪರೀಕ್ಷೆಗೆ ಓದಿಕೊಂಡೇ ಹೊರಟಿದ್ದೇನೆ, ಹದಿನಾರು ವರ್ಷದಿಂದ ಓದುತ್ತಿದ್ದೇನೆ ಎಂದು ನಕ್ಕಳು.

ಏಪ್ರಿಲ್ ತಿಂಗಳು. ಬೆಳಗಿನ ರೈಲಿಗೆ ಸೋದರಮಾವ, ಸೊಸೆ ಹೊರಟರು. ಕೈಚೀಲದಲ್ಲಿ ನಾನೂ ಇದ್ದೆ. ಅಂಥ ಆಫೀಸಿಗೆ ಯಾರಾದರೂ ಗಡಿಗೆ ಒಯ್ಯುತ್ತಾರೆಯೇ, ನೋಡಿದವರು ಮೊದಲು ಕೇಳುವುದೇ ಅದನ್ನು ಎಂದು ಗಂಗಾಧರ ದಾರಿಯುದ್ದಕ್ಕೂ ಗೊಣಗಿದ. ಅವನ ಕಾಲ ಬಳಿಯೇ ನನ್ನನ್ನು ಇಟ್ಟಿದ್ದರು. ಕಾಲಲ್ಲಿ ಬೂಟು, ಬೂಟಿನೊಳಗೆ ದಪ್ಪ ಕಾಲುಚೀಲ. ಆ ಸೆಕೆಯಲ್ಲಿ ಇದೇನು ಶೋಕಿ ಎಂದುಕೊಂಡೆ.

ಮರುದಿನ ಕ್ಲಿನಿಕ್ಕಿನಲ್ಲಿ ಅವಳ ತೂಕ ನೋಡಿದರು, ರಕ್ತ ತೆಗೆದರು, ಎದೆಯ ಎಕ್ಸ್‌ರೇ ತೆಗೆಯಲು ಒಳಗೆ ಕರೆದರು. ಕೊಟ್ಟ ಫಾರ್ಮನ್ನು ಅವಳು ಮಾವನ ಕೈಗೆ ಕೊಟ್ಟು ಹೋದಳು. ಅದರಲ್ಲಿ ಕಾಯಿಲೆಗಳ ಉದ್ದನೆಯ ಪಟ್ಟಿ, ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕ. ಗಂಗಾಧರ ಕನ್ನಡಕ ಹಾಕಿಕೊಂಡು, ಬಡಗಿ ಅಳತೆಯ ಗೆರೆ ಹಾಕಿದ ಹಾಗೆ ಮೇಲಿನಿಂದ ಕೆಳಗಿನವರೆಗೆ ಎಲ್ಲದಕ್ಕೂ ಇಲ್ಲ ಎಂದು ಗುರುತು ಹಾಕಿದ. ಸಕ್ಕರೆ ಕಾಯಿಲೆಯ ಮುಂದೆಯೂ ಇಲ್ಲ. ನಾನು ಅವನ ಪಕ್ಕದ ಕುರ್ಚಿಯ ಕೆಳಗೆ ಹೊಟ್ಟೆಯಲ್ಲಿ ಇನ್ಸುಲಿನ್ ಇಟ್ಟುಕೊಂಡು ಕೂತಿದ್ದೆ. ಬಾಯಿದ್ದೂ ಮಾತಾಡಲಾಗದ ನನ್ನ ಜಾತಿಯ ಮೇಲೆ ಅಂದು ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ವಿಶಾಲಾಕ್ಷಿ ಬಂದು ಫಾರ್ಮು ನೋಡಿದಳು. ಮುಖ ಇಳಿಯಿತು.

“ಸಹಿ ಒಂದು ನೀ ಮಾಡು,” ಎಂದ ಗಂಗಾಧರ ಮೆಲ್ಲಗೆ. “ಹೌದು ಅಂದ್ರ ಇಲ್ಲಿಂದನ ವಾಪಸ್ ಕಳಸತಾರ. ನಾ ಕಂಡೇನಿ.”

ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಅವಳು ಒಂದು ಕೈಯಲ್ಲಿ ಫಾರ್ಮು, ಇನ್ನೊಂದು ಕೈಯಲ್ಲಿ ನನ್ನ ಚೀಲ ಹಿಡಿದು ಎದ್ದಳು. ಈ ಒಂದು ಚೌಕದ ಮೇಲೆ ಅವಳ ಕೆಲಸ, ದೇಶ, ಮುಂದಿನ ಬದುಕು ಎಲ್ಲ ನಿಂತಿತ್ತು.

ಒಳಗಿದ್ದವರು ಐವತ್ತರ ಆಸುಪಾಸಿನ ಡಾಕ್ಟರಮ್ಮ, ಮೈಸೂರು ಕಡೆಯ ಮಾತು. ವಿಶಾಲಾಕ್ಷಿ ಕೂರುವ ಮೊದಲೇ ನನ್ನನ್ನು ಚೀಲದಿಂದ ಎತ್ತಿ ಅವರ ಮೇಜಿನ ಮೇಲೆ ಇಟ್ಟಳು. ಪಕ್ಕದಲ್ಲಿ ಹದಿನಾರು ವರ್ಷದ ನೋಟ್‌ಬುಕ್ಕುಗಳನ್ನು ಪೇರಿಸಿದಳು. ಹುಟ್ಟಿದಾಗಿನಿಂದ ಮನುಷ್ಯರನ್ನು ಕೆಳಗಿನಿಂದಲೇ ನೋಡಿದ ನಾನು ಅಂದು ಒಬ್ಬ ಡಾಕ್ಟರನ್ನು ಸರಿಸಮನಾಗಿ ನೋಡಿದೆ.

“ಇದರಾಗ ನನ್ನ ಇನ್ಸುಲಿನ್ ಐತ್ರಿ. ಫಾರ್ಮಿನಾಗ ಇಲ್ಲ ಅಂತ ಐತಿ, ಅದು ತಪ್ಪು. ತಿದ್ದಿ ಸಹಿ ಮಾಡತೇನಿ,” ಎಂದಳು ವಿಶಾಲಾಕ್ಷಿ.

ಡಾಕ್ಟರಮ್ಮ ನನ್ನ ಮುಚ್ಚಳ ತೆಗೆದು ಮರಳಿಗೆ ಬೆರಳು ಮುಟ್ಟಿಸಿದರು. ಆಮೇಲೆ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತಿರುವಿದರು. ಶಾಲೆಯ ಹುಡುಗಿಯ ದುಂಡಗಿನ ಅಕ್ಷರ ವರ್ಷ ವರ್ಷಕ್ಕೂ ಸಣ್ಣದಾಗುತ್ತ ಬಂದಿತ್ತು. ಬಿಟ್ಟುಹೋದ ದಿನ ಒಂದೂ ಇರಲಿಲ್ಲ. ಹೊಸ ಫಾರ್ಮು ಕೊಟ್ಟು ಅವರು ಹೇಳಿದರು:

“ನೋಡಮ್ಮ, ಪಾಸು ಫೇಲು ಮಾಡೋಳು ನಾನಲ್ಲ. ಕಂಡದ್ದನ್ನ ಬರೆದು ಕಳಿಸ್ತೀನಿ, ತೀರ್ಮಾನ ಅವರದು. ಕಾಯಿಲೆಯನ್ನ ಹೇಗೆ ಇಟ್ಕೊಂಡಿದೀಯ, ಕಿಡ್ನಿ ಕಣ್ಣು ಹೇಗಿವೆ, ಅದನ್ನ ನೋಡ್ತಾರೆ. ಮುಚ್ಚಿಟ್ಟು ಆಮೇಲೆ ಗೊತ್ತಾಗಿದ್ದಿದ್ರೆ ನಿನ್ನ ಪರವಾಗಿ ಒಂದು ಮಾತು ಬರೆಯೋಕೂ ನನಗೆ ದಾರಿ ಇರ್ತಿರಲಿಲ್ಲ.”

ಹೊರಗೆ ಬಂದು ಅವಳು ನಡೆದದ್ದನ್ನು ಹೇಳಿದಾಗ ಗಂಗಾಧರನ ಮುಖ ಕೆಂಪಾಯಿತು. ಕೈಗೆ ಬಂದದ್ದನ್ನು ಕಾಲಿಂದ ಒದ್ದೆಯಲ್ಲ ಎಂದು ಬೈದ. ಬೈಯುವ ಭರದಲ್ಲಿ ಅವನ ಬಾಯಿಂದ ಇನ್ನೊಂದು ಮಾತು ಜಾರಿತು.

“ಒಂಬತ್ತ ವರ್ಷ ನಾ ನನ್ನ ಶುಗರ್ ಮುಚ್ಚಿಟ್ಟೇನಿ, ಯಾರಿಗೆ ಗೊತ್ತಾತು?”

ವಿಶಾಲಾಕ್ಷಿ ಯಾವ ಔಷಧ ತೆಗೆದುಕೊಳ್ಳುತ್ತೀ ಎಂದು ಕೇಳಿದಳು. ಹಾಗಲಕಾಯಿ ಎಂದ. ಅತ್ತೆಗೆ, ಅಂದರೆ ಅವನ ಹೆಂಡತಿಗೆ, ಗೊತ್ತೇ ಎಂದಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ತಿರುಗಿ ಬರುವ ರೈಲಿನಲ್ಲಿ ಅವಳು ಅವನ ಬೂಟು ಬಿಚ್ಚಿಸಿದಳು. ಎಡಗಾಲಿನ ಕಿರುಬೆರಳು ಕಪ್ಪಗಾಗಿತ್ತು. ಮೂರು ತಿಂಗಳ ಹಿಂದೆ ಉಳಿ ತಾಗಿ ಆದ ಗಾಯವಂತೆ, ನೋವೇ ಇಲ್ಲವಂತೆ, ಅದಕ್ಕೇ ಯಾರಿಗೂ ಹೇಳಲಿಲ್ಲವಂತೆ. ನೋವಿಲ್ಲ ಎಂಬ ಮಾತು ಕೇಳಿಯೇ ವಿಶಾಲಾಕ್ಷಿ ಅತ್ತಳು; ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೊಂದ ಮೇಲೆಯೇ ನೋವು ನಿಲ್ಲುವುದು ಎಂದು ಅವಳಿಗೆ ಗೊತ್ತಿತ್ತು. ತನ್ನ ವೀಸಾಕ್ಕಾಗಿ ಅವಳು ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ಕಂಡಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದವಳೇ ಅವನನ್ನು ನೇರವಾಗಿ ಆಸ್ಪತ್ರೆಗೆ ಕರೆದೊಯ್ದಳು. ಬೆರಳು ಉಳಿಯಲಿಲ್ಲ, ಕಾಲು ಉಳಿಯಿತು. ಅವನಿಗೂ ಇನ್ಸುಲಿನ್ ಬರೆದುಕೊಟ್ಟರು.

ಇತ್ತ ಆ ದೇಶದವರು ಅವಳ ಕಣ್ಣು, ಕಿಡ್ನಿಗಳ ವರದಿ ಬೇಕೆಂದರು, ಕಳಿಸಿದಳು. ಮನೆಯವರು ದಿನ ಎಣಿಸುತ್ತಿದ್ದರೆ ಅವಳು ಚಳಿಯ ಬಟ್ಟೆ ಹೊಲಿಸಿಕೊಳ್ಳುತ್ತಿದ್ದಳು. ಏಳನೆಯ ವಾರ ವೀಸಾ ಬಂತು. ಕಾಳವ್ವ ಓಣಿಗೆಲ್ಲ ಪೇಡೆ ಹಂಚಿ, ಪ್ರತಿ ಮನೆಯಲ್ಲೂ ನನ್ನ ಮಗಳಿಗೆ ಸಕ್ಕರೆ ಕಾಯಿಲೆ ಇದೆ, ಆದರೂ ಕೊಟ್ಟರು ಎಂದು ತಾನಾಗಿಯೇ ಹೇಳಿ ಬಂದಳು.

ನನ್ನನ್ನು ಒಯ್ಯಲಾಗಲಿಲ್ಲ. ಹೊಟ್ಟೆಯ ತುಂಬ ಹಸಿ ಮರಳಿರುವ ಗಡಿಗೆಯನ್ನು ಆ ದೇಶದವರು ಬಾಗಿಲಲ್ಲೇ ತಡೆಯುತ್ತಾರಂತೆ. ಕಾಯಿಲೆ ಒಳಗೆ ಹೋಯಿತು, ಮರಳು ಹೊರಗುಳಿಯಿತು! ಹೊರಡುವ ದಿನ ಅವಳು ನನ್ನ ಮೈ ತೊಳೆದು, ಹೊಸ ಮರಳು ತುಂಬಿ, ಗಂಗಾಧರನ ತೊಡೆಯ ಮೇಲೆ ಇಟ್ಟಳು. ನನಗೆ ದುಃಖವಾಯಿತು, ಸುಳ್ಳೇಕೆ ಹೇಳಲಿ. ಹದಿನಾರು ವರ್ಷ ಹೊತ್ತ ಮಗು ಅದು.

ಈಗ ನನಗೆ ವಯಸ್ಸಾಗಿದೆ. ಹೊಟ್ಟೆಯ ಮೇಲೆ ಒಂದು ಬಿರುಕು, ಅದಕ್ಕೆ ಗಂಗಾಧರ ಸಿಮೆಂಟು ಮೆತ್ತಿದ್ದಾನೆ. ಅವನ ಮನೆಯ ಪಡಸಾಲೆಯಲ್ಲಿ, ಅವನೇ ಮಾಡಿದ ಸಾಗವಾನಿಯ ಮಣೆಯ ಮೇಲೆ ನನ್ನ ಜಾಗ. ಗಲ್ಫಿಗೆ ಹೊರಟವರು ಈಗಲೂ ಬರುತ್ತಾರೆ. ಹೋದ ವಾರ ಒಬ್ಬ ಬಡಗಿ ಬಂದ, ಮೂವತ್ತು ದಾಟಿದವನು. ಮನೆಯಲ್ಲಿ ಇಬ್ಬರು ಮಕ್ಕಳಂತೆ, ಶುಗರ್ ಇದೆಯಂತೆ, ಮುಂದಿನ ಸೋಮವಾರ ಮೆಡಿಕಲ್ಲಂತೆ. ಫಾರ್ಮನ್ನು ಗಂಗಾಧರನ ಮುಂದೆ ಚಾಚಿ ಯುಕ್ತಿ ಕೇಳಿದ.

ಗಂಗಾಧರ ಫಾರ್ಮು ಮುಟ್ಟಲಿಲ್ಲ. ಧೋತರ ಸರಿಸಿ ಎಡಗಾಲು ಮುಂದೆ ಚಾಚಿದ. ಬಂದವನು ಅದರ ನಾಲ್ಕು ಬೆರಳು ಎಣಿಸಿದ.

“ಹೌದಂತ ಬರದ್ರ ವೀಸಾ ಹೋದರೂ ಹೋದೀತು, ನಾ ಸುಳ್ಳು ಹೇಳಂಗಿಲ್ಲ,” ಎಂದ. “ಆದ್ರ ನಾ ಒಂಬತ್ತ ವರ್ಷ ಇಲ್ಲಂತ ಬರದೇನಿ. ಅದರ ಪಗಾರ ಇದು. ಇನ್ನ ಸೋಮವಾರಕ್ಕ ಐದ ದಿನ ಅದಾವ. ನಾಳೆ ಹುಬ್ಬಳ್ಳಿಗೆ ಹೋಗೂಣು, ಮೊದಲ ಡಾಕ್ಟರಿಗೆ ತೋರಸೂಣು.”

ಬಡಗಿ ಫಾರ್ಮನ್ನು ಮಡಿಚಿ ಜೇಬಿಗೆ ಇಟ್ಟುಕೊಂಡ. ಎದ್ದು ಹೋಗಲಿಲ್ಲ. ಗಂಗಾಧರ ನನ್ನ ಮುಚ್ಚಳ ತೆಗೆದು ಸೀಸೆ ಹೊರತೆಗೆದ. ತೆರೆದ ಬಾಗಿಲಿನ ಎದುರು, ಬಡಗಿ ನೋಡುತ್ತಿರುವಂತೆಯೇ ಅಂಗಿ ಎತ್ತಿ ಹೊಟ್ಟೆಗೆ ಸೂಜಿ ಚುಚ್ಚಿಕೊಂಡ.