ಎರಡು ಬಟ್ಟಲು ಬಸಳೆ

ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡ ಮೇಲೆ ಅತ್ತೆ ರಕ್ತ ತೆಳುವಾಗಿಡುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಈ ಸಲದ ಪರೀಕ್ಷೆಯಲ್ಲಿ ರಕ್ತ ಗಟ್ಟಿಯಾಗಿತ್ತು. ಹೀಗೇ ಬಿಟ್ಟರೆ ಕವಾಟದಲ್ಲೇ ಹೆಪ್ಪುಗಟ್ಟೀತು ಎಂದು ಡಾಕ್ಟರಮ್ಮ ಹೇಳಿದಾಗ, ಅತ್ತೆಯ ಪಕ್ಕದಲ್ಲಿ ನಿಂತಿದ್ದ ಅಣ್ಣನ ಮಗಳ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು.

"ಊಟದಲ್ಲಿ ಏನಾದ್ರೂ ಹೊಸದು?"

ಪ್ರೀತಿಯನ್ನು ಬಾಯಿಬಿಟ್ಟು ಹೇಳಿ ಗೊತ್ತಿಲ್ಲದವಳು ಆ ಹುಡುಗಿ. ಬಾಲ್ಕನಿಯಲ್ಲಿ ಬಸಳೆ ಬಳ್ಳಿ ಹಬ್ಬಿಸಿ, ಅತ್ತೆ ಹೊಲಿಗೆ ಅಂಗಡಿಗೆ ಇಳಿಯುವ ಮುಂಚೆ ಬೇಯಿಸಿಕೊಡುವುದೇ ಅವಳ ಮಾತಾಗಿತ್ತು.

"ನಾನು... ದಿನಾ ಬೆಳಿಗ್ಗೆ ಒಂದು ಬಟ್ಟಲು ಬಸಳೆ ಕೊಡ್ತಿದ್ದೆ."

ಹಿಂದೆ ನಿಂತಿದ್ದ ಅತ್ತೆಯ ಗಂಡ, ಮಾವ, ಒಂದು ಹೆಜ್ಜೆ ಮುಂದೆ ಬಂದರು. "ಮಧ್ಯಾಹ್ನ ನಾನೂ ಒಂದು ಬಟ್ಟಲು ಅಂಗಡಿಗೆ ಒಯ್ತಿದ್ದೆ. ಈ ಹುಡುಗಿಗೆ ಗೊತ್ತಾಗದ ಹಾಗೆ ಕಿತ್ತು."

"ಅದಕ್ಕೇ ಬಳ್ಳಿ ಬೋಳಾಗಿದ್ದು! ಹುಳ ತಿಂತಿದೆ ಅಂದ್ಕೊಂಡಿದ್ದೆ, ಮಾವ!"

"ಹುಳ ಅಂತ್ಲೇ ಇಟ್ಕೋಮ್ಮ."

ಡಾಕ್ಟರಮ್ಮ ಅತ್ತೆಯತ್ತ ತಿರುಗಿದರು. "ಇಬ್ಬರೂ ಕೊಡೋದು ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿಲ್ದೆ ಏನು? ಇವಳು ನನ್ನ ಮುಖಾನೇ ನೋಡ್ತಾ ನಿಲ್ತಾಳೆ, ಇವರು ಚಮಚ ಹಿಡ್ಕೊಂಡು ನಿಲ್ತಾರೆ. ಯಾರಿಗೆ ಬೇಡ ಅನ್ನಲಿ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಸೊಪ್ಪು ಒಳ್ಳೇದೇ. ಕಬ್ಬಿಣ, ಕ್ಯಾಲ್ಸಿಯಂ, ಎ ವಿಟಮಿನ್, ಎಲ್ಲಾ ಇದೆ. ಆದ್ರೆ ಅದರಲ್ಲಿರೋ ಕೆ ವಿಟಮಿನ್ ರಕ್ತ ಹೆಪ್ಪುಗಟ್ಟೋಕೆ ನೆರವಾಗುತ್ತೆ, ಮಾತ್ರೆ ಅದನ್ನ ತಡೆಯುತ್ತೆ. ಎರಡಕ್ಕೂ ಹಗ್ಗಜಗ್ಗಾಟ. ಪೂರ್ತಿ ಬಿಡಬೇಡಿ, ದಿನಾ ಒಂದೇ ಅಳತೆ ಇರಲಿ. ಮಾತ್ರೆ ಎಷ್ಟು ಅನ್ನೋದನ್ನ ಅದಕ್ಕೆ ತಕ್ಕ ಹಾಗೆ ನಾನು ನೋಡ್ತೀನಿ."

ಹೊರಗೆ ಬಂದದ್ದೇ ಹುಡುಗಿಯ ಕಣ್ಣು ತುಂಬಿತು. "ನನ್ನಿಂದಾನೇ ಅತ್ತೆ, ನಿಮಗೆ ಏನಾದ್ರೂ ಆಗಿದ್ರೆ..."

"ಸುಮ್ನಿರೇ, ವಿಷ ಹಾಕಿದ್ಯಾ?" ಅತ್ತೆ ಅವಳ ಕಿವಿ ಹಿಂಡಿದರು. "ಇನ್ಮೇಲೆ ಒಂದೇ ಬಟ್ಟಲು. ಅರ್ಧ ನಿನ್ನದು, ಅರ್ಧ ನಿಮ್ಮ ಮಾವಂದು. ಒಂದೆಲೆ ಹೆಚ್ಚಾದ್ರೂ ಇಬ್ಬರಿಗೂ ಕತ್ತರಿ!"

ಮುಂದಿನ ಪರೀಕ್ಷೆಯ ತನಕ ಹುಡುಗಿಗೆ ಅನ್ನ ರುಚಿಸಲಿಲ್ಲ. ಅಂದು ಡಾಕ್ಟರಮ್ಮ ವರದಿ ನೋಡಿ, "ಈಗ ಸರಿಯಿದೆ, ಹೀಗೇ ಇರಲಿ" ಎಂದಾಗಲೇ ಅವಳ ಹೋದ ಜೀವ ಬಂದದ್ದು.

"ನನ್ನ ಅರ್ಧದಿಂದ ಸರಿಹೋಗಿದ್ದು," ಎಂದರು ಮಾವ, ಮೆಟ್ಟಿಲಿಳಿಯುತ್ತ.

"ಸುಳ್ಳು! ನನ್ನ ಅರ್ಧದಿಂದ!"

ಯಾರಿಗೂ ಎದುರು ಮಾತಾಡದ ಹುಡುಗಿ ಮನೆಯವರೆಗೂ ಮಾವನ ಜೊತೆ ವಾದಕ್ಕೆ ಬಿದ್ದಳು. ಯಾರು ಗೆದ್ದರೆಂದು ಹೇಳುವ ಗೋಜಿಗೇ ಹೋಗದೆ ಅತ್ತೆ, ಸೆರಗಿನ ಮರೆಯಲ್ಲಿ ನಗುತ್ತ ಮುಂದೆ ಮುಂದೆ ನಡೆದರು.