ಒಂಬತ್ತಕ್ಕೆ ಸಿಗದ ತಪ್ಪು

ತಂಗಿಗೆ ರಕ್ತದ ಕ್ಯಾನ್ಸರ್ ಎಂದು ರಿಪೋರ್ಟು ಬಂದಾಗಿನಿಂದ ಅಕ್ಕನಿಗೆ ಸೂಜಿಯಣ್ಣನ ಮೇಲೆ ಅನುಮಾನ. ಇಬ್ಬರೂ ಒಂದೇ ಲ್ಯಾಬಿನವರು. ಅವನು ರಕ್ತ ತೆಗೆಯುವವನು, ಇವಳು ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಟ್ಯೂಬಿನ ನಂಬರು ಬರೆಯುವವಳು. ಹದಿನೈದು ವರ್ಷದಲ್ಲಿ ಒಂದಂಕಿಯೂ ತಪ್ಪಿಲ್ಲ ಎಂದು ಇವಳಿಗೆ ಜಂಬ. ಆ ಜಂಬಕ್ಕೇ ಒಂದು ಕುರ್ಚಿ ಬೇಕಿತ್ತು.

ನಾಳೆ ಬೆಳಿಗ್ಗೆ ಔಷಧಿ ಶುರು. ಹೇಗೂ ಉದುರುತ್ತದಲ್ಲ ಎಂದು ತಂಗಿ ನಿನ್ನೆಯೇ ಜಡೆ ಕತ್ತರಿಸಿಕೊಂಡಿದ್ದಳು. ಇಪ್ಪತ್ತಮೂರು ವರ್ಷದ, ಕಲ್ಲುಗುಂಡಿನಂಥ ಹುಡುಗಿ! ಈ ಮನುಷ್ಯನೇ ಟ್ಯೂಬು ಅದಲುಬದಲು ಮಾಡಿದ್ದಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಾದರೂ ವಾಸಿ, ಇವನು ಮೂರು ದಿನದಿಂದ ಶಿಳ್ಳೆ ಹಾಕಿಕೊಂಡು ತಿರುಗುತ್ತಿದ್ದಾನೆ.

ಅವಳು ಮೊದಲು ತನ್ನ ಕೆಲಸವನ್ನೇ ತಾಳೆ ನೋಡಿದಳು. ತಂಗಿಯ ನಂಬರು 407182365. ಆ ಲ್ಯಾಬಿನ ಪ್ರತಿಯೊಂದು ನಂಬರೂ ಒಂಬತ್ತರಿಂದ ಭಾಗವಾಗಬೇಕು. ಒಂದು ಟ್ಯೂಬಿಗಿಂತ ಮುಂದಿನದು ಒಂಬತ್ತು ಹೆಚ್ಚು. ಭಾಗವಾಗುತ್ತದೋ ಇಲ್ಲವೋ ತಿಳಿಯಲು ಅಂಕಿಗಳನ್ನು ಕೂಡಿದರೆ ಸಾಕು, ಮೊತ್ತ ಒಂಬತ್ತರ ಮಗ್ಗಿಯಲ್ಲಿರಬೇಕು. ಕೂಡಿದಳು, ಮೂವತ್ತಾರು ಬಂತು. ತನ್ನದು ಸರಿ! ಸೆರಗು ಬಿಗಿದು ಸೂಜಿಯಣ್ಣನ ಕೋಣೆಗೆ ನಡೆದಳು.

“ಏನಣ್ಣ, ಬಹಳ ಖುಷಿಯಾಗಿದ್ದೀರಿ?”

ಅವನು ಪೆಚ್ಚಾದ. “ನಿಮ್ಮನೆ ಸಂಕಟದಲ್ಲಿ ಹೇಳೋಕೆ ಬಾಯಿ ಬರಲಿಲ್ಲಮ್ಮ. ಎರಡು ತಿಂಗಳಿಂದ ಸುಸ್ತು, ಐವತ್ತು ದಾಟಿದ ವಯಸ್ಸು ಬೇರೆ, ಹೆದರಿಬಿಟ್ಟಿದ್ದೆ. ಅವತ್ತು ನಿನ್ನ ತಂಗಿ ಆದಮೇಲೆ ನಾನೂ ಚುಚ್ಚಿಕೊಂಡು ರಕ್ತ ಕೊಟ್ಟೆನಲ್ಲ? ನೀನೇ ಬರೆದುಕೊಂಡೆ. ಏನೂ ಇಲ್ಲ ಅಂತ ಬಂತು.”

ತಂಗಿ ಆದಮೇಲೆ. ಹಾಗಾದರೆ ಅವನ ನಂಬರು ತಂಗಿಯದಕ್ಕಿಂತ ಒಂಬತ್ತು ಹೆಚ್ಚಿರಬೇಕು.

ಅವಳು ಓಡಿಹೋಗಿ ರಿಜಿಸ್ಟರು ತೆರೆದಳು. ಅವನ ಹೆಸರಿನ ಮುಂದೆ 407182356. ಒಂಬತ್ತು ಕಡಿಮೆ! ತಂಗಿಯ ನಂಬರಿನ ಕೊನೆಯ ಐದು, ಆರನ್ನು ತಾನೇ ಹಿಂದುಮುಂದು ಮಾಡಿದ್ದಳು. ಅವನದಕ್ಕೆ ಟ್ಯೂಬನ್ನೂ ನೋಡದೆ ಆ ದಿನದ ನಂಬರುಗಳ ಪಟ್ಟಿಯಲ್ಲಿ ಉಳಿದಿದ್ದ ನಂಬರನ್ನು ಗೀಚಿದ್ದಳು. ಅಂಕಿಗಳು ಹೇಗೆ ಕುಳಿತರೂ ಮೊತ್ತ ಅದೇ ಮೂವತ್ತಾರು. ಅವಳು ನಂಬಿದ ಲೆಕ್ಕಕ್ಕೆ ಅಂಕಿ ಹಿಂದುಮುಂದಾದ ತಪ್ಪು ಎಂದೂ ಕಾಣುವುದಿಲ್ಲ.

ಫ್ರಿಜ್ಜಿನಿಂದ, ಕ್ಯಾನ್ಸರ್ ಎಂದು ಬಂದಿದ್ದ, 365ರಲ್ಲಿ ಮುಗಿಯುವ ಟ್ಯೂಬು ತೆಗೆದಳು. ರಕ್ತ ತೆಗೆದವರು ಟ್ಯೂಬಿನ ಮೇಲೆ ವಯಸ್ಸು ಬರೆಯುವುದು ಅಲ್ಲಿನ ಪದ್ಧತಿ. ಸೂಜಿಯಣ್ಣನದೇ ದುಂಡು ಅಕ್ಷರದಲ್ಲಿ ಐವತ್ತೊಂದು ಎಂದಿತ್ತು.

“ಯಾಕಮ್ಮ ಅಳ್ತಿದ್ದೀಯ?” ಅವನು ಹಿಂದೆಯೇ ಬಂದು ನಿಂತಿದ್ದ.

“ನನ್ನದೇ ತಪ್ಪಣ್ಣ. ತಂಗಿಗೆ... ತಂಗಿಗೆ ಏನೂ ಇಲ್ಲ.”

“ಅಯ್ಯೋ, ಇದಕ್ಕೆ ಯಾರಾದರೂ ಅಳ್ತಾರಾ? ತಾಳು, ನಮ್ಮನೆಯವಳಿಗೆ ಹೇಳ್ತೀನಿ, ಮೂರು ದಿನದಿಂದ ನಿನ್ನ ತಂಗಿದೇ ಚಿಂತೆ ಅವಳಿಗೆ” ಎನ್ನುತ್ತಾ ಅವನು ಜೇಬಿನಲ್ಲಿ ಫೋನು ಹುಡುಕತೊಡಗಿದ. ಅವಳು ಟ್ಯೂಬಿನ ಮೇಲಿದ್ದ ವಯಸ್ಸನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಳು.