ಮಾವನ ಮನೆಯಿಂದ ಬಂದ ಕರೆ

ಬಂದರಿನಿಂದ ಹೊರಟು, ದೀಪಸ್ತಂಭ ದಾಟಿ, ದಡ ಒಂದು ಗೆರೆಯಾಗಿ ಕಾಣುವಷ್ಟು ದೂರ ಹೋದರೆ ಸಮುದ್ರದಲ್ಲಿ ಒಂದು ಜಾಗವಿತ್ತು. ಬಂದರಿನವರು ಅದನ್ನು ‘ಮಾವನ ಮನೆ’ ಎನ್ನುತ್ತಿದ್ದರು. ಹೋದವನು ಬೇಗ ಹಿಂದಿರುಗುವುದಿಲ್ಲ ಎಂಬ ತಮಾಷೆ. ಆದರೆ ಹಾಗೆ ತಮಾಷೆ ಮಾಡುವವರ ಮುಖದಲ್ಲಿ ನಗು ಇರುತ್ತಿರಲಿಲ್ಲ. ಅಲ್ಲಿ ಬಂಡೆಯಿಲ್ಲ, ಬಿರುಗಾಳಿಯಿಲ್ಲ. ಸುಮ್ಮನೆ ಮಲಗಿದ್ದ ನೀರು ಇದ್ದಕ್ಕಿದ್ದಂತೆ ಕಾದ ಹಾಲಿನಂತೆ ಬೆಳ್ಳಗೆ ಉಕ್ಕುತ್ತದೆ, ಬೋಟು ಇದ್ದಲ್ಲೇ ಇಳಿದುಹೋಗುತ್ತದೆ, ದಿಕ್ಸೂಚಿ ಗಿರಗಿರ ತಿರುಗುತ್ತದೆ ಎನ್ನುತ್ತಿದ್ದರು. ಇದೆಲ್ಲ ಸಾಲದೆಂಬಂತೆ ಇನ್ನೊಂದಿತ್ತು. ಅಲ್ಲಿ ಮುಳುಗಿದವರ ದನಿಯಲ್ಲಿ ಆ ನೀರೇ ಮಾತಾಡುತ್ತದಂತೆ, ವೈರ್‌ಲೆಸ್ಸಿನಲ್ಲಿ ಬಂದು ನಮ್ಮನ್ನು ಕರೆಯುತ್ತದಂತೆ. ಹಾಗಾಗಿ ‘ಮಾವನ ಮನೆ’ಯಿಂದ ಎಂದು ಯಾರ ದನಿ ಕೇಳಿಸಿದರೂ ಓಗೊಡಬಾರದು, ವೈರ್‌ಲೆಸ್ ಆರಿಸಿಬಿಡಬೇಕು. ಬಂದರಿನಲ್ಲಿ ಸಾಲ ತೀರಿಸುವುದನ್ನು ಮರೆಯುವವರಿದ್ದರು, ಈ ಕಟ್ಟಳೆ ಮರೆಯುವವರು ಇರಲಿಲ್ಲ.

ಕಟ್ಟಳೆ ತಂದವನು ಬೋಟಿನವರ ಸಂಘದ ಯಜಮಾನ. ಅವನ ಕೊನೆಯ ತಮ್ಮ ಅಲ್ಲಿ ಮುಳುಗಿದ ದಿನ, ‘ಅಣ್ಣಾ, ಅಣ್ಣಾ’ ಎಂದು ಹುಡುಗ ಕೂಗಿದ್ದು ಬೇರೆ ಬೋಟುಗಳಿಗೂ ಕೇಳಿಸಿತ್ತು. ಹತ್ತಿರದಲ್ಲೇ ಇದ್ದ ನೀನೇಕೆ ಉತ್ತರ ಕೊಡಲಿಲ್ಲ ಎಂದು ಜನ ಕೇಳಿದಾಗ ಯಜಮಾನ, “ಅಷ್ಟೊತ್ತಿಗಾಗಲೇ ಅವನು ಹೋಗಿಬಿಟ್ಟಿದ್ದ. ಕಣ್ಣಾರೆ ನೋಡಿದೆ. ಕರೆದದ್ದು ಅವನಲ್ಲ, ಆ ನೀರು” ಎಂದಿದ್ದ. ಕೇಳಿದವರ ಮೈ ಜುಮ್ಮೆಂದಿತು. ಮೈ ಜುಮ್ಮೆಂದ ಮೇಲೆ ಎರಡನೇ ಪ್ರಶ್ನೆ ಯಾರು ಕೇಳುತ್ತಾರೆ?

ಕೇಳುವವಳು ಒಬ್ಬಳಿದ್ದಳು. ಯಜಮಾನನ ನಡುವಿನ ತಮ್ಮನ ಹೆಂಡತಿ. ಬಂದರಿನ ಬಲೆ ಕೊಟ್ಟಿಗೆಯಲ್ಲಿ ಕೂತು ಹರಿದ ಬಲೆಗಳನ್ನು ಹೆಣೆದು ಸರಿಮಾಡುವುದು ಅವಳ ಕೆಲಸ, ಸಂಶಯಪಡುವುದು ಅವಳ ಹುಟ್ಟುಗುಣ. ಹಾಲಿಗೆ ನೀರು ಬೆರೆಸಿದ್ದೀಯಾ ಎಂದು ಕೇಳುವ ಪೈಕಿಯಲ್ಲ, ನೀರಿಗೆ ಎಷ್ಟು ಹಾಲು ಬೆರೆಸಿದ್ದೀಯ ಎಂದು ಕೇಳುವ ಹೆಂಗಸು. ಎಲ್ಲರ ಬಲೆಯೂ ಅರೆಬರೆ ತುಂಬಿ ಬರುವಾಗ ದೊಡ್ಡ ಭಾವನಾದ ಯಜಮಾನನ ಬೋಟು ಮಾತ್ರ ವರ್ಷವಿಡೀ ಮೀನಿನ ಭಾರಕ್ಕೆ ಬಗ್ಗಿಕೊಂಡು ಬರುವುದು ಅವಳ ಕಣ್ಣಿಗೆ ಚುಚ್ಚುತ್ತಿತ್ತು.

ಭಾವನ ಬಲೆಯನ್ನು ಅವನ ಹೆಂಡತಿಯೇ ಮನೆಯೊಳಗೆ ಕದ ಹಾಕಿಕೊಂಡು ಹೆಣೆಯುತ್ತಿದ್ದಳು. ಆ ವರ್ಷ ಓರಗಿತ್ತಿಯ ಸೊಂಟ ಹಿಡಿದುಕೊಂಡಿತು. ಬೋಟನ್ನು ಬಣ್ಣ ಬಳಿಯಲು ದಡಕ್ಕೆಳೆದಿದ್ದರು. ಬೇರೆ ದಾರಿಯಿಲ್ಲದೆ ಬಲೆ ಕೊಟ್ಟಿಗೆಗೆ ಬಂತು. ಇವಳು ಅದನ್ನು ಮಡಿಲಿಗೆಳೆದುಕೊಂಡಳು. ಬಲೆಯ ಕೆಳಅಂಚಿನ ಗಂಟುಗಳಲ್ಲಿ ಕಾಡಿಗೆಯಂಥ ಕೆಸರು ಮೆತ್ತಿತ್ತು. ಮೂಗಿನ ಹತ್ತಿರ ಹಿಡಿದಳು. ಕೊಳೆತ ಮೊಟ್ಟೆಯ ವಾಸನೆ. ಗಾಳಿ ತಿರುಗಿದಾಗ ಮಾವನ ಮನೆಯ ಕಡೆಯಿಂದ ಬರುವ ವಾಸನೆ ಅದು, ಬಂದರಿನ ಮಕ್ಕಳಿಗೂ ಗೊತ್ತು.

“ಅತ್ತೆ, ಇದನ್ನ ಮೂಸಿ ನೋಡಿ” ಎಂದಳು. ಪಕ್ಕದಲ್ಲಿ ದಾರ ಬಿಡಿಸುತ್ತಿದ್ದ ಅತ್ತೆ ಮೂಸಿದಳು, ಮತ್ತೆ ದಾರ ಬಿಡಿಸತೊಡಗಿದಳು. ಕೊನೆಯ ಮಗ ಹೋದಮೇಲೆ ಆಕೆ ಮಾತು ಕಡಿಮೆ ಮಾಡಿದ್ದಳು.

ಕೊಟ್ಟಿಗೆಗೂ ವೈರ್‌ಲೆಸ್ ಕೋಣೆಗೂ ನಡುವೆ ಒಂದೇ ಹಲಗೆಯ ಗೋಡೆ. ಬೋಟು ದಡಕ್ಕೇರಿದ ಮೇಲೆ ಭಾವ ಅಲ್ಲೇ ಠಿಕಾಣಿ ಹೂಡಿದ್ದ. ಯಾವ ಬೋಟು ಎಲ್ಲಿದೆ, ಯಾರು ಯಾವ ದಿಕ್ಕಿಗೆ ಹೊರಟರು ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ. ಚಹಾ ಕುಡಿಯಲು ಹೊರಬಂದವನನ್ನು ಇವಳು ತಡೆದಳು.

“ಭಾವ, ಈ ಸಲ ಇಷ್ಟೊಂದು ಮೀನು ಎಲ್ಲಿ ಸಿಕ್ತು?”

“ಉತ್ತರಕ್ಕೆ, ಅಳಿವೆ ಹತ್ರ.”

“ಅಳಿವೆ ಕೆಸರು ಇಷ್ಟು ಕಪ್ಪಗಿರುತ್ತಾ?”

“ಇರುತ್ತೆ. ಯಾಕಿರಬಾರ್ದು?” ಎಂದವನು ಬಲೆಯನ್ನು ಅವಳ ಮಡಿಲಿನಿಂದ ಎಳೆದುಕೊಂಡ. “ಕೊಡಮ್ಮ, ತೊಳೆದು ಕೊಡ್ತೀನಿ. ನಿನ್ನ ಕೈ ಯಾಕೆ ಕೊಳಕಾಗಬೇಕು.”

ಉಂಡ ತಟ್ಟೆಯನ್ನೂ ಎತ್ತದ ಮನುಷ್ಯ ಬಲೆ ತೊಳೆಯುತ್ತಾನಂತೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳಿಗೆ ಅಷ್ಟು ಸಾಕಾಯಿತು.

ಸಂಜೆ ಅಡುಗೆಮನೆಯಲ್ಲಿ ಗಂಡನ ಮುಂದೆ ತಟ್ಟೆಯಿಟ್ಟು ವಿಷಯವನ್ನೂ ಇಟ್ಟಳು. “ನಿಮ್ಮಣ್ಣ ಮೀನು ಹಿಡಿಯೋದು ಮಾವನ ಮನೇಲೇ. ಭೂತದ ಕಥೆಯೆಲ್ಲ ನಮ್ಮನ್ನ ದೂರ ಇಡೋಕೆ.”

“ತಮ್ಮ ಹೋಗಿದ್ದು ಕಥೆಯೇನೇ?” ಎಂದ ಗಂಡ. ಅವನು ಅಣ್ಣ ಹಾಕಿದ ಗೆರೆ ದಾಟಿದವನಲ್ಲ.

“ಸಮುದ್ರದಲ್ಲಿ ಎಲ್ಲಿ ಬೇಕಾದರೂ ಮುಳುಗಬಹುದು ರೀ. ಅವರು ಹೋಗಿ ಹೋಗಿ ಬರ್ತಿಲ್ವಾ? ಈಗ ಅವರ ಬೋಟು ದಡದಲ್ಲಿದೆ. ಒಂದು ಸಲ ನೋಡ್ಕೊಂಡು ಬನ್ನಿ. ಅವರಿಗೆ ಅನ್ನ ಹಾಕೋ ನೀರು ನಮ್ಮನ್ನ ನುಂಗುತ್ತಾ?”

ಅವನು ಅನ್ನ ಕಲಸುತ್ತಲೇ ಕೂತ. ಈ ಹೆಂಡತಿಗೆ ಎದುರುತ್ತರ ಕೊಟ್ಟು ಗೆದ್ದ ದಾಖಲೆ ಅವನಿಗಿರಲಿಲ್ಲ. ಬೆಳಗ್ಗೆ ಇಂಜಿನ್ ನೋಡಿಕೊಳ್ಳುವ ಷಡ್ಡಕನನ್ನು ಕರೆದುಕೊಂಡು ಹೊರಟ. ದೀಪಸ್ತಂಭದವರೆಗೆ ದಕ್ಷಿಣಕ್ಕೆ ಹೋಗುವವನಂತೆ ಹೋಗಿ, ಆಮೇಲೆ ತಿರುಗಿಸಿದ.

ಅವಳು ಕೊಟ್ಟಿಗೆಯಲ್ಲಿ ಸೂಜಿ ಹಿಡಿದು ಕೂತಳು. ಮಧ್ಯಾಹ್ನದವರೆಗೂ ಗೋಡೆಯಾಚೆ ಬರೀ ಗೊರಗೊರ ಸದ್ದು. ಆ ಸದ್ದು ವೈರ್‌ಲೆಸ್ಸಿನದೋ ಅದನ್ನು ನೋಡಿಕೊಳ್ಳುವ ಮುದುಕನ ಗೊರಕೆಯದೋ ಎಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಬಂದರಿನವರು ಅವನಿಗೆ ಗೊರಗೊರ ಮಾಮ ಎಂದು ಹೆಸರಿಟ್ಟಿದ್ದರು. ಅವಳು ಮನಸ್ಸಿನಲ್ಲೇ ಭಾವನ ಮುಖ ಸಣ್ಣಗಾಗುವುದನ್ನು ನೋಡಿ ಖುಷಿಪಡುತ್ತಿದ್ದಳು. ಆಗ ಹಲಗೆ ಸೀಳಿಕೊಂಡು ಬಂದಂತೆ ಒಂದು ದನಿ ಬಂತು.

“ಯಾರಾದ್ರೂ ಇದ್ದೀರಾ? ಮಾವನ ಮನೇಲಿದ್ದೀನಿ! ನೀರು ಬೆಳ್ಳಗಾಗಿದೆ. ಬೋಟು ಇಳೀತಿದೆ!”

ಅವಳು ಸೂಜಿ ಬಿಸಾಡಿ ಓಡಿದಳು. ಅವಳು ಬಾಗಿಲು ತಲುಪುವಷ್ಟರಲ್ಲಿ ಗೊರಗೊರ ಮಾಮನ ಕೈ ವೈರ್‌ಲೆಸ್ ಆರಿಸಲು ಮುಂದೆ ಹೋಗಿತ್ತು. ಅವಳು ಆ ಕೈಯನ್ನು ಹಿಡಿದುಕೊಂಡಳು.

“ಬಿಡಮ್ಮ! ಅದು ನಿನ್ನ ಗಂಡ ಅಲ್ಲ. ಅವನು ದಕ್ಷಿಣಕ್ಕೆ ಹೋಗಿದ್ದಾನೆ. ಅದು ನೀರು ಕರೀತಿರೋದು.”

ಮೂಲೆಯ ಕುರ್ಚಿಯಲ್ಲಿ ಭಾವ ಕೂತಿದ್ದ. “ಆರ್ಸು ಮಾಮ” ಎಂದ, ನೆಲ ನೋಡುತ್ತಾ.

ಅವಳು ಮೈಕು ಕಿತ್ತುಕೊಂಡಳು. ಗುಂಡಿ ಒತ್ತುವಾಗ, ನಾಚಿಕೆಗೇಡು ನೋಡಿ, ಆ ಹೊತ್ತಿನಲ್ಲೂ ಅವಳ ಹುಟ್ಟುಗುಣ ಬಿಡಲಿಲ್ಲ. ಒಂದು ವೇಳೆ ಇವರು ಹೇಳುವುದೇ ನಿಜವಾಗಿದ್ದರೆ?

“ರೀ, ನಿಜವಾಗ್ಲೂ ನೀವೇನಾ?”

“ನಿನ್ನ ಮಾತು ಕಟ್ಕೊಂಡು ಇಲ್ಲಿಗೆ ಇನ್ಯಾವ ದಡ್ಡ ಬರ್ತಾನೇ!”

ಯಾವ ಭೂತವೂ ಹಾಗೆ ಗೊಣಗುವುದಿಲ್ಲ. ಅವಳಿಗೆ ಅಳು ಉಕ್ಕಿತು. ಹೊಟ್ಟೆಕಿಚ್ಚಿಗೆ ಗಂಡನನ್ನು ಕಳಿಸಿದೆನಲ್ಲ, ತಂಗಿಯ ಗಂಡನನ್ನೂ ಜೊತೆಗೆ ಕಳಿಸಿದೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಅಳಲು ಪುರುಸೊತ್ತಿರಲಿಲ್ಲ. ಭಾವನ ಕಡೆ ತಿರುಗಿದಳು.

“ಏನು ಮಾಡಬೇಕು, ಹೇಳಿ.”

“ನನಗೇನು ಗೊತ್ತು?”

“ನಿಮ್ಮ ಬಲೆ ಅಲ್ಲಿಗೆ ಹೋಗಿ ಬಂದಿದೆ. ಬಲೆ ತಾನಾಗೇ ಈಜ್ಕೊಂಡು ಬರಲ್ಲ. ನೀವು ಹೇಗೆ ಬಂದ್ರಿ, ಅದನ್ನ ಹೇಳಿ.”

ಅವನ ಕಣ್ಣು ವೈರ್‌ಲೆಸ್ ಮೇಲಿತ್ತು. ಆ ಪೆಟ್ಟಿಗೆಯಲ್ಲಿ ಒಬ್ಬರು ಆಡಿದ್ದು ಸಮುದ್ರದಲ್ಲಿರುವ ಎಲ್ಲ ಬೋಟಿಗೂ ಕೇಳಿಸುತ್ತದೆ.

“ಅಣ್ಣಾ!” ಎಂದಿತು ಪೆಟ್ಟಿಗೆ. “ಅಣ್ಣಾ, ಅಲ್ಲಿದ್ದೀಯಾ?”

ಆ ಕೂಗಿಗೆ ಅವನು ಚಾಟಿಯೇಟು ಬಿದ್ದವನಂತೆ ಎದ್ದು ನಿಂತ. ಮೈಕು ಕಸಿದುಕೊಂಡ. “ಬಲೆ ಕಡಿ! ಮೊದಲು ಬಲೆ ಕಡಿ. ಅದೇ ನಿನ್ನ ಹಿಡ್ಕೊಂಡಿರೋದು. ಇಂಜಿನ್ ನಿಲ್ಸು, ಎದುರೀಜಬೇಡ. ಕೆಳಗಿಂದ ಗಾಳಿಗುಳ್ಳೆ ಏಳ್ತಿದೆ, ಅಷ್ಟೇ. ಬೋಟು ಹಗುರ ಮಾಡಿ ಸುಮ್ಮನಿರು. ನೀರೇ ಹೊರಗೆ ತಂದು ಬಿಡುತ್ತೆ.”

ಪೆಟ್ಟಿಗೆ ಗೊರಗೊರ ಎಂದಿತು. ಅವಳಿಗೆ ಗೊತ್ತಿದ್ದ ದೇವರೆಲ್ಲ ಮುಗಿದು, ಗೊತ್ತಿಲ್ಲದ ದೇವರ ಸರದಿ ಬಂದಿತ್ತು. ಬಹಳ ಹೊತ್ತಾದ ಮೇಲೆ ದನಿ ಬಂತು.

“ನೀಲಿ ನೀರಿಗೆ ಬಂದ್ವಿ ಅಣ್ಣ. ಬಲೆ ಹೋಯ್ತು. ನಾವಿಬ್ಬರೂ ಇದ್ದೀವಿ.”

ಅವಳು ಅಲ್ಲೇ ನೆಲಕ್ಕೆ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಳುತ್ತಾ ತಲೆಯೆತ್ತಿದಾಗ ಬಾಗಿಲಲ್ಲಿ ಅತ್ತೆ ಕಂಡಳು. ಯಾವಾಗ ಬಂದು ನಿಂತಿದ್ದಳೋ, ದಾರದ ಉಂಡೆ ಇನ್ನೂ ಕೈಯಲ್ಲಿತ್ತು. ಆಕೆ ನೋಡುತ್ತಿದ್ದದ್ದು ದೊಡ್ಡ ಮಗನನ್ನು.

“ಇಷ್ಟೇನಾ?” ಎಂದಳು. “ಬಲೆ ಕಡಿ, ಇಂಜಿನ್ ನಿಲ್ಸು, ಸುಮ್ಮನಿರು. ಇಷ್ಟೇನಾ ಹೇಳ್ಬೇಕಾಗಿದ್ದಿದ್ದು?”

“ಅಮ್ಮ...”

“ಅವತ್ತು ಚಿಕ್ಕವನು ಕೂಗಿದಾಗ ಇದು ಗೊತ್ತಿತ್ತಾ ನಿನಗೆ?”

ಅವನು ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. “ಉತ್ತರ ಕೊಟ್ಟಿದ್ರೆ ಎಲ್ಲರಿಗೂ ಕೇಳಿಸ್ತಿತ್ತು. ನಾನು ಅಲ್ಲಿಗೆ ಹೋಗ್ತೀನಿ, ಅಲ್ಲಿ ಮೀನಿದೆ ಅಂತ ಗೊತ್ತಾಗ್ತಿತ್ತು. ಅವನೇ ಹೇಗೋ ಬರ್ತಾನೆ ಅನ್ಕೊಂಡೆ” ಎಂದ.

ಗೊರಗೊರ ಮಾಮ ಗೋಡೆಯ ಕಡೆ ತಿರುಗಿ ನಿಂತ. ಬೆಟ್ಟ ಅಗೆದು ಇಲಿ ಹಿಡಿದವರ ಕಥೆ ಎಲ್ಲರೂ ಕೇಳಿದ್ದೇವೆ. ಇಲಿ ಹಿಡಿಯಲೆಂದು ಬಿಲಕ್ಕೆ ಕೈ ಹಾಕಿದ ಸೊಸೆಗೆ ಇಂಥದ್ದು ಸಿಕ್ಕಿತ್ತು. ಇಷ್ಟು ವರ್ಷ ಅವಳು ಭಾವನನ್ನು ಮೀನು ಕದ್ದವನೆಂದು ಮಾತ್ರ ಸಂಶಯಪಟ್ಟಿದ್ದಳು. ಸಂಶಯ ಸಾಲದಾಯಿತಲ್ಲ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಪೆಟ್ಟಿಗೆಯಲ್ಲಿ ದನಿಗಳು ಒಂದರ ಮೇಲೊಂದು ಬೀಳತೊಡಗಿದವು. ‘ಯಾರದು?’ ‘ಯಜಮಾನರೇ, ಏನಾಯ್ತು?’ ‘ಅಲ್ಲಿಂದ ಬದುಕಿ ಬರಬಹುದಾ?’ ಆರಿಸಿದ್ದವರೆಲ್ಲ ಮತ್ತೆ ಹಾಕಿಕೊಂಡಿದ್ದರು. ಭೂತಕ್ಕೆ ಹೆದರುವವರೂ ಕುತೂಹಲ ಬಿಡುವುದಿಲ್ಲ.

ಅತ್ತೆ ಒಳಗೆ ಬಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ಮೇಜಿನ ಮೇಲಿದ್ದ ಮೈಕನ್ನು ಎತ್ತಿ ದೊಡ್ಡ ಮಗನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು.

“ಚಿಕ್ಕವನು ಕರೆದಿದ್ನಲ್ಲ” ಎಂದಳು. “ಈಗ ಓಗೊಡು. ಎಲ್ಲರಿಗೂ ಕೇಳಿಸಲಿ.”